ಹರ್ನನು ಕಂಡ ಜಪಾನು

ಜಪಾನು ದೇಶವನ್ನು ಕುರಿತು ಪಾಶ್ಚಾತ್ಯರು ಬರೆದ ಗ್ರಂಥಗಳು ದೊಡ್ಡದೊಂದು ಕಪಾಟನ್ನು ತುಂಬುವಷ್ಟಿವೆ. ೧೮೬೮ರಲ್ಲಿ ಮೇಜಿ ಚಕ್ರವರ್ತಿಯ ಹೊಸ ಆಡಳಿತವು ಸ್ಥಾಪಿತವಾದ ಮೇಲೆ ಅಲ್ಲಿನ ಸರ್ಕಾರವು ಹೊರದೇಶಗಳಿಂದ ಉಪಾಧ್ಯಾಯರನ್ನೂ ಯಂತ್ರಶಾಸ್ತ್ರಜ್ಞರನ್ನೂ ವೈದ್ಯರನ್ನೂ ಸಂಬಳಕ್ಕೆ ಕರೆಯಿಸಿಕೊಂಡಿತು. ಹಾಗೆ ಬಂದು ನಾಲ್ಕಾರು ವರ್ಷ ನಿಂತವರಲ್ಲಿ ಬರವಣಿಗೆಯ ಅಭ್ಯಾಸವಿದ್ದ ಅನೇಕರು ಒಂದೊಂದು ಪುಸ್ತಕವನ್ನಾದರೂ ಬರೆದರು. ಆ ಪುಸ್ತಕಗಳಲ್ಲಿ ಮಂತ್ರಿಮಂಡಲ, ಸುಂಕ, ಸೈನ್ಯ ಇವುಗಳ ವಿಚಾರವಾದ ಅಧ್ಯಾಯಗಳು ಇಂದು ಚರಿತ್ರಕಾರರಿಗೆ ಮಾತ್ರ ಬೇಕಾದವು. ಸಾಮಾನ್ಯ ವಾಚಕನು ಹುಡುಕಿಕೊಂಡು ಹೋಗುವುದು ಬೇರೆ ಪುಟಗಳನ್ನು: ಆ ಪರಕೀಯನು ಬೆಳಗ್ಗೆ ಎದ್ದಾಗ ಕಿವಿಗೆ ಏನು ಬಿತ್ತು, ನೆರೆಯವರು ಅವನೊಡನೆ ಹೇಗೆ ನಡೆದುಕೊಂಡರು, ಹರಿದ ತಡಿಕೆಗೆ ಮನೆಯಾಕೆ ಹೇಗೆ ತೇಪೆ ಹಚ್ಚಿದಳು ಎಂಬಂಥ ಪುಟಗಳನ್ನು. ಇಂಥ ಬರಹಗಳನ್ನು ಲಘುವಾದುವೆಂದು ಎಣಿಸಿ ವಿಮರ್ಶಕರು ಬದಿಗಿಡುವುದುಂಟು. ಅದು ಸರಿಯಲ್ಲ. ಇವುಗಳಲ್ಲಿಯೂ ಕಾಳು ಜೊಳ್ಳು ಇವೆ, ತೂರಿ ನೋಡಬೇಕು. ಹಾಗೆ ತೂರುವುದಕ್ಕೆ ಲಫ್ಕಾಡಿಯೊ ಹರ್ನನಿಗಿಂತ ಒಳ್ಳೆಯ ನಿದರ್ಶನವು ದೊರೆಯಲಾರದು. ಏಕೆಂದರೆ ಅತ್ಯುತ್ತಮವಾದುದೂ ಒಪ್ಪಲಾಗದುದೂ ಒಬ್ಬನಲ್ಲಿಯೇ, ಎಷ್ಟೋ ವೇಳೆ ಒಂದೇ ಪ್ರಬಂಧದಲ್ಲಿಯೇ, ಸೇರಿಕೊಂಡಿವೆ.

ಹರ್ನನ ಚರಿತ್ರೆಯನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ. ಆತನು ೧೮೫೦ರಲ್ಲಿ ಗ್ರೀಸಿಗೆ ಸೇರಿದ ಲೆಫ್ಕಾದ ಎಂಬ ದ್ವೀಪದಲ್ಲಿ ಹುಟ್ಟಿದನು. ತಂದೆ ಐರ್ಲೆಂಡಿನವನು, ಸೈನ್ಯದ ವೈದ್ಯ. ತಾಯಿ ಗ್ರೀಕ್ ಹೆಂಗಸು. ಇಬ್ಬರೂ ಮಗನನ್ನು ಬಿಟ್ಟು ಬೇರೆ ಬೇರೆ ದಾರಿ ಹಿಡಿದರು. ಹದಿನಾರನೆಯ ವಯಸ್ಸಿನಲ್ಲಿ ಶಾಲೆಯಲ್ಲಿ ಆಡುವಾಗ ಒಂದು ಕಣ್ಣು ಹೋಯಿತು. ಉಳಿದ ಕಣ್ಣಿನ ದೃಷ್ಟಿಯೂ ಮಂದ. ಅಮೆರಿಕದಲ್ಲಿ ವೃತ್ತಪತ್ರಿಕೆಗಳಿಗೆ ದುಡಿದು, ೧೮೯೦ರ ಏಪ್ರಿಲಿನಲ್ಲಿ ಯೊಕೊಹಾಮದಲ್ಲಿ ಇಳಿದನು. ಅದೇ ವರ್ಷ ಮಾತ್ಸುಯೆ ಎಂಬ ಊರಿನ ಶಾಲೆಯಲ್ಲಿ ಇಂಗ್ಲಿಷ್ ಉಪಾಧ್ಯಾಯನಾದನು. ಅಲ್ಲಿಂದ ಕುಮಾಮೊಟೊ, ಕೋಬೆ, ಕಡೆಗೆ ಟೋಕಿಯೊ ವಿಶ್ವವಿದ್ಯಾನಿಲಯ. ಬಡತನಕ್ಕೆ ಬಂದಿದ್ದ ಒಂದು ಸಮುರಾಯಿ ಮನೆತನದ ಕೊಯಿಜುಮಿ ಸೆತ್ಸು ಎಂಬಾಕೆಯನ್ನು ಮದುವೆಯಾಗಿ, ೧೮೯೬ರಲ್ಲಿ ಜಪಾನಿನ ಪ್ರಜೆಯಾಗಿ, ಹೆಂಡತಿಯ ಮನೆತನದ ಹೆಸರನ್ನೇ ತನ್ನದಾಗಿಸಿಕೊಂಡು ಕೊಯಿಜುಮಿ ಯಾಕುಮೊ ಎನ್ನಿಸಿಕೊಂಡನು. ೧೯೦೪ರಲ್ಲಿ ಟೋಕಿಯೊದಲ್ಲಿ ತೀರಿಕೊಂಡನು. ಅವನು ಜಪಾನಿನಲ್ಲಿ ಬದುಕಿದ್ದು ಹದಿನಾಲ್ಕು ವರ್ಷ; ಬರೆದ ಪುಸ್ತಕಗಳು ಹತ್ತಕ್ಕೆ ಮೇಲ್ಪಟ್ಟವು.

ಹರ್ನನನ್ನು ನೋಡುವ ಮೊದಲು ಅವನ ಜೊತೆಯವರನ್ನು ಒಂದು ಸಲ ನೋಡಬೇಕು. ಬೇಸಿಲ್ ಹಾಲ್ ಚೇಂಬರ್ಲೇನ್ ಎಂಬ ವಿದ್ವಾಂಸನು ೧೮೯೦ರಲ್ಲಿ ಅಕಾರಾದಿಯಾಗಿ ಜಪಾನಿನ ವಿಷಯಗಳನ್ನು ವಿವರಿಸುವ ಒಂದು ಪುಸ್ತಕವನ್ನು ಪ್ರಕಟಿಸಿದನು. ಅದರಲ್ಲಿ ಜಪಾನೀಯರು ಎಲ್ಲವನ್ನೂ ತಲೆಕೆಳಗಾಗಿ ಮಾಡುತ್ತಾರೆಂಬುದಕ್ಕೇ ಒಂದು ಬಾಬು ಇದೆ. ಪುಸ್ತಕವು ಕೊನೆಯಿಂದ ಮೊದಲಾಗುತ್ತದೆ, ಕುದುರೆಯನ್ನು ಬಲಗಡೆಯಿಂದ ಹತ್ತುತ್ತಾರೆ, ಬಡಗಿಯು ಉಜ್ಜುಗೊರಡನ್ನು ತನ್ನ ಕಡೆಗೆ ಎಳೆಯುತ್ತಾನೆ, ಹೀಗೆ. ಓದುವುದಕ್ಕೆ ತಮಾಷೆಯಾಗಿದೆ. ಆದರೆ ಇಲ್ಲಿ ತಲೆ ಯಾವುದು, ಕೆಳಗು ಯಾವುದು ಎಂಬುದನ್ನು ಗೊತ್ತುಮಾಡಿದವರು ಯಾರು? ಯೂರೋಪಿನವರ ಜಪಾನು ಗ್ರಂಥಗಳನ್ನು ಓದುವ ಕನ್ನಡಿಗನಿಗೆ ಮೇಲಿಂದ ಮೇಲೆ ಒಂದು ವಿಚಿತ್ರವಾದ ಅನುಭವವಾಗುವುದುಂಟು. ಮನೆಯೊಳಕ್ಕೆ ಹೋಗುವಾಗ ಪಾದರಕ್ಷೆಯನ್ನು ಬಾಗಿಲಲ್ಲಿಯೇ ಬಿಡುತ್ತಾರೆಂದು ಲೇಖಕನು ಆಶ್ಚರ್ಯಪಡುತ್ತಾನೆ. ನೆಲದ ಮೇಲೆ ಚಾಪೆಯಲ್ಲಿ ಕುಳಿತು ಊಟಮಾಡುತ್ತಾರೆಂದು ಆಶ್ಚರ್ಯಪಡುತ್ತಾನೆ. ಹಗಲು ಕುಳಿತುಕೊಳ್ಳುವ ಕೊಠಡಿಯಲ್ಲಿಯೇ ರಾತ್ರಿ ಹಾಸಿಗೆ ಬಿಡಿಸುತ್ತಾರೆಂದು ಆಶ್ಚರ್ಯಪಡುತ್ತಾನೆ. ಇದರಲ್ಲಿ ಬೆರಗಾಗುವುದಕ್ಕೆ ಏನಿದೆಯೆಂದು ನಮ್ಮ ಮನೆಯ ಹೆಣ್ಣುಮಕ್ಕಳು ಕೇಳಿದರೆ ಉತ್ತರ ಹೇಳುವುದು ಕಷ್ಟ. ಇಂಥ ಕಡೆ ಪುಸ್ತಕವು ಜಪಾನಿನ ಸಂಗತಿಯನ್ನು ಹೇಳುವುದಕ್ಕಿಂತ ಹೆಚ್ಚಾಗಿ ಲಂಡನ್ನಿನ ಸಂಗತಿಯನ್ನು ಹೇಳುತ್ತದೆ. ಇಂಗ್ಲಿಷಿನಲ್ಲಿ ಓದಿದ ಮಾತ್ರಕ್ಕೆ ಆ ಬೆರಗನ್ನೂ ಸಾಲವಾಗಿ ತಂದುಕೊಳ್ಳಬೇಕಾದುದಿಲ್ಲ.

ಅಮೆರಿಕದ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಮೋರ್ಸನು ಇವರಿಗಿಂತ ಮೇಲು. ೧೮೭೭ರಲ್ಲಿ ಅವನು ಜಪಾನಿಗೆ ಹೋದದ್ದು ಸಮುದ್ರದ ಚಿಪ್ಪುಜೀವಿಗಳನ್ನು ಹೋಲುವ ಒಂದು ಪ್ರಾಣಿಜಾತಿಯನ್ನು ಪರೀಕ್ಷಿಸುವುದಕ್ಕಾಗಿ. ಯೊಕೊಹಾಮದಿಂದ ಟೋಕಿಯೊಗೆ ಹೋಗುವ ರೈಲಿನ ಕಿಟಕಿಯಿಂದ ಓಮೊರಿ ಎಂಬಲ್ಲಿ ಚಿಪ್ಪುಗಳ ಒಂದು ದಿಬ್ಬವನ್ನು ಕಂಡು, ಅದು ಪ್ರಾಚೀನ ಜನರ ಊಟದ ಕಸವೆಂದು ಗುರುತಿಸಿ, ಅಗೆಯಿಸಿದನು. ಜಪಾನಿನ ಪ್ರಾಕ್ತನ ಶಾಸ್ತ್ರವು ಅಲ್ಲಿಂದ ಮೊದಲಾಯಿತೆನ್ನುತ್ತಾರೆ. ಕಸದಲ್ಲಿ ಚರಿತ್ರೆಯನ್ನು ಕಂಡ ಆ ಕಣ್ಣನ್ನೇ ಅವನು ಮನೆಗಳ ಮೇಲೂ ಹಾಯಿಸಿದನು. ಜಪಾನೀಯರ ಮನೆಗಳನ್ನು ಕುರಿತ ಅವನ ಗ್ರಂಥವು ೧೮೮೬ರಲ್ಲಿಯೂ, ೭೭೭ ರೇಖಾಚಿತ್ರಗಳುಳ್ಳ ದಿನಚರಿಯು ೧೯೧೭ರಲ್ಲಿಯೂ ಹೊರಬಿದ್ದವು. ಚಿತ್ರಗಳೆಲ್ಲ ಅವನವೇ. ಬಾವಿ, ಒಲೆ, ಕಕ್ಕಸು, ಬಾಗಿಲ ಅಗಳಿ ಯಾವುದನ್ನೂ ಬಿಟ್ಟಿಲ್ಲ. ಕಾಗದದ ಜಾರುತಡಿಕೆಯಲ್ಲಿ ತೂತು ಬಿದ್ದರೆ ಚೌಕವಾದ ತುಂಡನ್ನು ಅಂಟಿಸದೆ ಕಾಗದವನ್ನು ಚೆರಿಯ ಅಥವಾ ಪ್ಲಮ್ಮಿನ ಹೂವಿನ ಆಕಾರಕ್ಕೆ ಕತ್ತರಿಸಿ ಅಂಟಿಸುತ್ತಾರೆಂಬುದನ್ನು ಅವನು ಗಮನಿಸಿದನು. ಅದರ ಮೇಲೆ ವ್ಯಾಖ್ಯಾನವನ್ನು ಬೆಳೆಸಲಿಲ್ಲ. ಇಂಥ ಒಂದು ವಾಕ್ಯವು ಕಲಾಪ್ರೇಮವನ್ನು ಕುರಿತ ಹತ್ತು ಪುಟದ ಉಪನ್ಯಾಸಕ್ಕೆ ಸಮನಾದುದು. ಆದರೆ ಮೋರ್ಸನ ಮನೆಗಳಲ್ಲಿ ಮನುಷ್ಯರು ಕಡಮೆ. ತೇಪೆಯು ಕಾಣುತ್ತದೆ, ಅದನ್ನು ಹಚ್ಚಿದ ಕೈ ಕಾಣುವುದಿಲ್ಲ.

ಹರ್ನನಲ್ಲಿ ಮನುಷ್ಯರಿದ್ದಾರೆ, ಮೊದಲು ಶಬ್ದಗಳಾಗಿ. ಎರಡು ಸಂಪುಟಗಳಲ್ಲಿ ೧೮೯೪ರಲ್ಲಿ ಪ್ರಕಟವಾದ ‘ಅಪರಿಚಿತ ಜಪಾನಿನ ನೋಟಗಳು’ ಎಂಬ ಗ್ರಂಥದಲ್ಲಿ ಮಾತ್ಸುಯೆ ನಗರದ ಒಂದು ದಿನವನ್ನು ವರ್ಣಿಸುವ ಅಧ್ಯಾಯವಿದೆ. ಅದು ಬೆಳಗಿನ ಜಾವದಲ್ಲಿ ತೊಡಗುತ್ತದೆ. ಬರೆಯುವವನು ಇನ್ನೂ ಹಾಸಿಗೆ ಬಿಟ್ಟೆದ್ದಿಲ್ಲ. ಮೊದಲು ನೆಲದೊಳಗಿಂದ ಬಂದಂತೆ ನಿಧಾನವಾದ ಒಂದು ಮಿಡಿತ: ಅಕ್ಕಿಯನ್ನು ತೊಳಸುವ ಭಾರವಾದ ಮರದ ಕೊಡತಿ, ಯಾತದಂತೆ ತೂಗುವ ಅದರ ಉದ್ದನೆಯ ಹಿಡಿಯನ್ನು ಆಳು ತುಳಿದು ಬಿಡುತ್ತಿದ್ದಾನೆ. ಅನಂತರ ಒಂದು ಬೌದ್ಧ ದೇವಾಲಯದ ದೊಡ್ಡ ಗಂಟೆ. ಆಮೇಲೆ ಜಿಜೊ ದೇವತೆಯ ಸಣ್ಣ ಗುಡಿಯ ಮದ್ದಳೆ. ಆಮೇಲೆ ಮೂಲಂಗಿ ಮಾರುವವರ, ಒಲೆ ಹೊತ್ತಿಸುವ ಪುಳ್ಳೆ ಮಾರುವ ಹೆಂಗಸಿನ ಕೂಗು. ಆಗ ಅವನು ಕಿಟಕಿಯನ್ನು ಸರಿಸಿ ನದಿಯ ಮೇಲಿನ ಮಂಜನ್ನು ನೋಡುತ್ತಾನೆ. ದಡದಲ್ಲಿ ಮುಖ ತೊಳೆದು ಬಾಯಿ ಮುಕ್ಕಳಿಸಿ ಜನರು ಸೂರ್ಯನಿಗೆ ಎದುರಾಗಿ ನಿಂತು ನಾಲ್ಕು ಸಲ ಕೈತಟ್ಟುವ ಸದ್ದು ಕೇಳಿಬರುತ್ತದೆ. ಕೊನೆಗೆ ಸೇತುವೆಯ ಮೇಲೆ ನೂರಾರು ಮರದ ಪಾದುಕೆಗಳ ಟಕಟಕ.

ಸೂರ್ಯನಿಗೆ ಅರ್ಘ್ಯ ಬಿಡುವ ಮನೆಯಲ್ಲಿ ಹುಟ್ಟಿದವರಿಗೂ ಒನಕೆಯ ಸಪ್ಪಳಕ್ಕೆ ಎದ್ದವರಿಗೂ ಇದರಲ್ಲಿ ವಸ್ತುವಿನ ಹೊಸತನವು ಅಷ್ಟಾಗಿಲ್ಲ. ಹಾಗಿದ್ದರೂ ಈ ಪುಟಗಳು ನಮಗೆ ಹಳತೆನ್ನಿಸುವುದಿಲ್ಲ. ಕಾರಣವೇನು? ಇಲ್ಲಿ ಹರ್ನನು ಯಾವುದನ್ನೂ ತನ್ನ ದೇಶದ್ದರೊಡನೆ ಇಟ್ಟು ತೂಗುತ್ತಿಲ್ಲ. ಶಬ್ದಗಳು ಯಾವ ಕ್ರಮದಲ್ಲಿ ಬಂದವೋ ಆ ಕ್ರಮದಲ್ಲಿ ಬರೆದಿದ್ದಾನೆ; ಊರು ಹೇಗೆ ಎಚ್ಚರಗೊಳ್ಳುವುದೋ ಹಾಗೆಯೇ ಅಧ್ಯಾಯವೂ ಎಚ್ಚರಗೊಳ್ಳುತ್ತದೆ. ಕಣ್ಣು ಮಂದವಾದವನು ಕಿವಿಯನ್ನು ನಂಬಿದನು. ಕಣ್ಣು ತನಗೆ ಬೇಕಾದುದನ್ನು ಆರಿಸಿಕೊಳ್ಳುತ್ತದೆ. ಕಿವಿಗೆ ಅಷ್ಟು ಸ್ವಾತಂತ್ರ್ಯವಿಲ್ಲ, ಬಂದುದನ್ನು ಕೇಳಬೇಕು. ಆ ಮರದ ಪಾದುಕೆಗಳ ದಟ್ಟಣೆಯು ಈಗ ಆ ಊರಿನಲ್ಲಿಲ್ಲ, ಅಂದಿನ ಸೇತುವೆಯೂ ಇಲ್ಲ. ಪುಟವು ಮಾತ್ರ ಕೆಟ್ಟಿಲ್ಲ.

ಅದೇ ಗ್ರಂಥದಲ್ಲಿ ಉಪಾಧ್ಯಾಯನ ದಿನಚರಿಯೆಂಬ ಭಾಗವಿದೆ. ಹುಡುಗರು ಬರೆದ ಇಂಗ್ಲಿಷ್ ಪ್ರಬಂಧಗಳು, ಮನೆಗೆ ಬಂದು ಮಾತಿಲ್ಲದೆ ಬಹುಹೊತ್ತು ಕುಳಿತು ಹೋಗುವ ಶಿಷ್ಯರು, ಹಬ್ಬದ ದಿನಗಳು, ಇವೆಲ್ಲ ಅದರಲ್ಲಿವೆ. ಮೇಲೆ ನೋಡಿದರೆ ಎಲ್ಲವೂ ಚಿಲ್ಲರೆ. ಕೊನೆಯಲ್ಲಿ ಒಬ್ಬ ಒಳ್ಳೆಯ ವಿದ್ಯಾರ್ಥಿಯು ಖಾಯಿಲೆಯಿಂದ ಸಾಯುತ್ತಾನೆ. ಸಾಯುವ ಮುನ್ನ ಅವನಿಗೆ ಶಾಲೆಯನ್ನು ಇನ್ನೊಂದು ಸಲ ನೋಡಬೇಕೆಂಬ ಆಸೆಯಾಗಲು, ಮನೆಯ ಮುದಿಯಾಳು ಅವನನ್ನು ಬೆನ್ನ ಮೇಲೆ ಹೊತ್ತುಕೊಂಡು ಚಳಿಯ ರಾತ್ರಿಯಲ್ಲಿ ಶಾಲೆಯ ಬಳಿಗೆ ಹೋಗಿ ತೋರಿಸಿಕೊಂಡು ಬರುತ್ತಾನೆ. ಉಪಾಧ್ಯಾಯನಾಗಿದ್ದವನು ಈ ಭಾಗವನ್ನು ಓದಿ ಪುಸ್ತಕವನ್ನು ತಟಕ್ಕನೆ ಮುಚ್ಚಲಾರನು. ಹರ್ನನು ಇಲ್ಲಿಯೂ ಹೆಚ್ಚು ಮಾತಾಡುವುದಿಲ್ಲ.

ಆದರೆ ಮಾತಾಡದಿರುವುದು ಅವನಿಗೆ ಯಾವಾಗಲೂ ಸಾಧ್ಯವಾಗಲಿಲ್ಲ. ಜಪಾನೀಯರ ಮುಗುಳ್ನಗೆಯನ್ನು ಕುರಿತ ಪ್ರಸಿದ್ಧವಾದ ಪ್ರಬಂಧವನ್ನು ತೆಗೆದುಕೊಳ್ಳಿ. ಯೊಕೊಹಾಮದ ಪಾಶ್ಚಾತ್ಯ ಗೃಹಿಣಿಯೊಬ್ಬಳು ಹೇಳಿದ ಸಂಗತಿ ಅದರಲ್ಲಿ ಬರುತ್ತದೆ. ಅವಳ ಮನೆಯ ದಾದಿಯು ನಗುತ್ತ ಬಂದು, ತನ್ನ ಗಂಡನು ತೀರಿಕೊಂಡನು, ಅಂತ್ಯಕ್ರಿಯೆಗೆ ಹೋಗಬೇಕು ಎಂದಳಂತೆ. ಸಂಜೆ ಅಸ್ಥಿಯ ಪಾತ್ರೆಯನ್ನು ತಂದು ತೋರಿಸಿ, ಇದೇ ನನ್ನ ಗಂಡ ಎಂದು ನಕ್ಕಳಂತೆ. ಗೃಹಿಣಿಗೆ ಇದು ಹೃದಯಶೂನ್ಯತೆಯಾಗಿ ಕಂಡಿತು. ತನ್ನ ದುಃಖವನ್ನು ಎದುರಿನವರ ಮೇಲೆ ಹೊರಿಸಬಾರದೆಂಬ ಮರ್ಯಾದೆಯೇ ಆ ನಗೆಯೆಂದು ಹರ್ನನು ವಿವರಿಸುತ್ತಾನೆ. ಈ ವಿವರಣೆಯು ಸಮರ್ಪಕವಾಗಿದೆ. ಹೊರಗಿನಿಂದ ನೋಡಿದವಳಿಗೆ ಕ್ರೂರವಾಗಿ ಕಂಡದ್ದು ಒಳಗಿನಿಂದ ನೋಡಿದವನಿಗೆ ಸೌಜನ್ಯವಾಗಿ ಕಂಡಿತು. ಪರದೇಶದಲ್ಲಿ ಬಾಳಿ ಬರೆಯುವವನಿಂದ ನಾವು ಕೇಳುವ ಉಪಕಾರ ಇದಕ್ಕಿಂತ ಹೆಚ್ಚಿನದಲ್ಲ. ಆದರೆ ಪ್ರಬಂಧವು ಅಲ್ಲಿ ನಿಲ್ಲದೆ ಪೂರ್ವದವರ ಮುಖ, ಪಶ್ಚಿಮದವರ ಮುಖ, ಎರಡು ನಾಗರಿಕತೆಗಳ ಸುಖದುಃಖ ಎಂದು ಬೆಳೆಯುತ್ತ ಹೋಗುತ್ತದೆ. ಆ ದಾದಿಯು ಎಲ್ಲಿಯೋ ಹಿಂದೆ ಉಳಿದುಬಿಡುತ್ತಾಳೆ.

೧೮೯೬ರ ‘ಕೊಕೊರೊ’ ಎಂಬ ಸಂಪುಟದ ಮೊದಲನೆಯ ಪ್ರಬಂಧದಲ್ಲಿ ಈ ದೋಷವು ಇನ್ನೂ ಸ್ಪಷ್ಟವಾಗಿದೆ. ಪೊಲೀಸಿನವನನ್ನು ಕೊಂದ ಅಪರಾಧಿಯೊಬ್ಬನನ್ನು ಕುಮಾಮೊಟೊ ರೈಲ್ವೆ ನಿಲ್ದಾಣಕ್ಕೆ ಹಿಡಿದು ತರುತ್ತಾರೆ. ಗುಂಪು ನೆರೆದಿದೆ. ತಂದೆಯ ಮುಖವನ್ನೇ ಕಾಣದ ಮಗುವು ತಾಯಿಯ ಬೆನ್ನ ಮೇಲಿದೆ. ಅಧಿಕಾರಿಯು ಆ ಮಗುವನ್ನು ಕುರಿತು, ನಿನ್ನ ತಂದೆಯನ್ನು ಕೊಂದವನು ಇವನೇ, ಚೆನ್ನಾಗಿ ನೋಡು ಎನ್ನುತ್ತಾನೆ. ಮಗುವು ನೋಡುತ್ತದೆ, ಅಳುತ್ತದೆ, ಮತ್ತೂ ನೋಡುತ್ತದೆ. ಕೊಲೆಗಾರನು ನೆಲಕ್ಕೆ ಬಿದ್ದು ಹೊರಳುತ್ತಾನೆ. ಗುಂಪು ಬಿಕ್ಕುತ್ತ ದಾರಿ ಬಿಡುತ್ತದೆ. ನಾಲ್ಕೇ ಪುಟದ ಈ ಬರಹವು ಇಷ್ಟಕ್ಕೇ ಮುಗಿದಿದ್ದರೆ ಇದಕ್ಕೆ ಎಣೆಯೇ ಇರುತ್ತಿರಲಿಲ್ಲ. ಹರ್ನನು ಕೊನೆಯಲ್ಲಿ, ಮಕ್ಕಳ ಮೇಲಣ ಪ್ರೀತಿಯು ಪ್ರತಿಯೊಬ್ಬ ಜಪಾನೀಯನ ಆತ್ಮದ ದೊಡ್ಡ ಭಾಗವೆಂದು ಸೇರಿಸುತ್ತಾನೆ. ಪ್ರತಿಯೊಬ್ಬ ಜಪಾನೀಯನೂ ಆ ನಿಲ್ದಾಣಕ್ಕೆ ಬಂದಿರಲಿಲ್ಲವಷ್ಟೆ. ಅಂದು ಅಲ್ಲಿ ಅತ್ತವರು ಒಂದು ಊರಿನ ಕೆಲವರು. ಅತ್ತದ್ದು ಒಂದು ಮಗುವಿಗಾಗಿ. ಅದನ್ನು ಒಂದು ಜನಾಂಗದ ಲಕ್ಷಣವಾಗಿ ಮಾಡಿದೊಡನೆ ಕಣ್ಣೀರು ಒಣಗುತ್ತದೆ.

ಈ ಚಾಪಲ್ಯಕ್ಕೆ ಮೂಲವು ಹರ್ಬರ್ಟ್ ಸ್ಪೆನ್ಸರನ ತತ್ತ್ವಶಾಸ್ತ್ರ. ಪೂರ್ವಿಕರ ಅನುಭವಗಳೆಲ್ಲ ರಕ್ತದಲ್ಲಿ ಸ್ಮೃತಿಯಾಗಿ ಇಳಿದುಬರುವುವೆಂದು ಹರ್ನನು ದೃಢವಾಗಿ ನಂಬಿದ್ದನು. ಅದರಿಂದ ತಾನು ಕಂಡ ಪ್ರತಿಯೊಂದು ನಮಸ್ಕಾರದ ಹಿಂದೆಯೂ ಸಾವಿರಾರು ವರ್ಷದ ಸತ್ತವರು ನಿಂತಿರುವಂತೆ ಅವನಿಗೆ ತೋರುತ್ತಿತ್ತು. ಅವನ ಕಾಲದಲ್ಲಿ ಅದು ಶಾಸ್ತ್ರವೆನ್ನಿಸಿಕೊಂಡಿತ್ತು. ಈಗ ಅದನ್ನು ಶಾಸ್ತ್ರವೆನ್ನುವವರಿಲ್ಲ. ೧೯೦೪ರಲ್ಲಿ ಬಂದ ಅವನ ಕಡೆಯ ದೊಡ್ಡ ಗ್ರಂಥವು, ಜಪಾನನ್ನು ವ್ಯಾಖ್ಯಾನಿಸುವ ಪ್ರಯತ್ನವೆಂದು ತಾನೇ ಹೆಸರಿಟ್ಟುಕೊಂಡದ್ದು, ಪೂರ್ತಿಯಾಗಿ ಈ ನೆಲಗಟ್ಟಿನ ಮೇಲೆ ನಿಂತಿದೆ. ಹದಿನಾಲ್ಕು ವರ್ಷ ಬಾಳಿದರೂ ಹರ್ನನಿಗೆ ಜಪಾನೀ ಗ್ರಂಥಗಳನ್ನು ಸ್ವತಂತ್ರವಾಗಿ ಓದುವಷ್ಟು ಭಾಷೆ ಬರಲಿಲ್ಲವೆಂಬುದನ್ನು ಇದರೊಡನೆ ನೆನೆಯಬೇಕು. ಒಂದು ದೇಶದ ಆತ್ಮವನ್ನು ವರ್ಣಿಸಲು ಹೊರಟವನಿಗೆ ಇದು ಸಣ್ಣ ಕೊರತೆಯಲ್ಲ. ಒಂದು ಬೀದಿಯ ಬೆಳಗನ್ನು ವರ್ಣಿಸುವವನಿಗಾದರೋ ಇದು ಅಷ್ಟು ದೊಡ್ಡ ಕೊರತೆಯೂ ಅಲ್ಲ. (ನಮ್ಮ ವಿಶ್ವೇಶ್ವರಯ್ಯನವರು ೧೮೯೮ರಲ್ಲಿ ಜಪಾನಿಗೆ ಹೋದಾಗ ಹರ್ನನು ಟೋಕಿಯೊದಲ್ಲಿಯೇ ಪಾಠ ಹೇಳುತ್ತಿದ್ದನು. ಅವರ ಮನಸ್ಸನ್ನು ಸೆಳೆದದ್ದು ಕಾರ್ಖಾನೆಗಳೂ ಶಿಕ್ಷಣ ಪದ್ಧತಿಯೂ. ಇವನಿಗೆ ಅವು ಬೇಡವಾದುವು. ಒಂದೇ ಊರು ಇಬ್ಬರಿಗೆ ಎರಡಾಗಿ ತೋರುವುದು ಸ್ವಾಭಾವಿಕ.)

ಇನ್ನು ಹರ್ನನ ಸಣ್ಣ ಬರಹಗಳಲ್ಲಿ ಅತ್ಯಂತ ಸಣ್ಣದನ್ನು ನೋಡೋಣ. ೧೯೦೨ರ ‘ಕೊತ್ತೊ’ ಎಂಬ ಸಂಪುಟದಲ್ಲಿ ಕುಸಾ-ಹಿಬಾರಿ, ಎಂದರೆ ಹುಲ್ಲಿನ ಬಾನಾಡಿ, ಎಂಬ ಹೆಸರಿನ ಹಾಡುವ ಹುಳುವಿನ ಮೇಲೆ ಕೆಲವು ಪುಟಗಳಿವೆ. ಇದು ಚಿಮ್ಮಂಡೆಯ ಜಾತಿಗೆ ಸೇರಿದ್ದು. ಜಪಾನೀಯರು ಇಂಥ ಹುಳುಗಳನ್ನು ಗೂಡಿನಲ್ಲಿಟ್ಟು ಮಾರುವುದೂ ಕೊಳ್ಳುವುದೂ ಹಳೆಯ ರೂಢಿ. ಗೂಡು ಎರಡು ಅಂಗುಲದಷ್ಟು ಎತ್ತರ. ಆಹಾರ ಬದನೆಯ ಅಥವಾ ಸೌತೆಯ ಒಂದು ಹೋಳು. ಸಂಜೆಯಾದರೆ ಆ ಗೂಡಿನಿಂದ ಹೊರಡುವ ನಾದವು ಕೊಠಡಿಯನ್ನೆಲ್ಲ ತುಂಬುವುದು. ಹುಲ್ಲುಗಾವಲನ್ನೇ ಕಾಣದೆ ಮಾರುವವನ ಬಳಿ ಮೊಟ್ಟೆಯೊಡೆದು ಬಂದ ಈ ಹುಳುವು ತಾನೆಂದೂ ಅರಿಯದ ಸಂಗಾತಿಯನ್ನು ಕರೆಯುತ್ತಿದೆಯೆಂದು ಹರ್ನನು ಯೋಚಿಸುತ್ತಾನೆ. ಇಲ್ಲಿಯೂ ಪೂರ್ವಸ್ಮೃತಿಯ ಮಾತು ಇಣುಕುತ್ತದೆ. ಹುಳುವಿನ ಮಟ್ಟಿಗೆ ಅದನ್ನು ಒಪ್ಪುವುದಕ್ಕೆ ತೊಂದರೆಯಿಲ್ಲ. ಚಳಿಗಾಲ ಬರುತ್ತದೆ. ಮನೆಗೆಲಸದ ಹುಡುಗಿ ಆಹಾರವಿಡುವುದಿಲ್ಲ, ಮನೆಯಲ್ಲಿ ಯಾರೂ ನೋಡುವುದಿಲ್ಲ. ಒಂದು ದಿನ ಹಾಡು ನಿಂತುಹೋಗಿ, ಗೂಡಿನಲ್ಲಿ ಹುಳು ಸತ್ತುಬಿದ್ದಿರುತ್ತದೆ. ಹಸಿವಿಗೆ ತನ್ನ ಕಾಲುಗಳನ್ನೇ ತಿಂದುಕೊಂಡಿತ್ತು. ಹಾಗೆ ತಿನ್ನುತ್ತಲೂ ಹಾಡಿತ್ತು.

ಇದರಲ್ಲಿ ನಮ್ಮನ್ನು ತಟ್ಟುವುದು ಹುಳುವಿನ ಸಾವೊಂದೇ ಅಲ್ಲ. ಜವೆಯ ಕಾಳಿನ ಅರ್ಧದಷ್ಟಿರುವ ಹುಳುವಿಗಾಗಿ ಒಳ್ಳೆಯ ಹುಡುಗಿಯೊಬ್ಬಳ ಮನಸ್ಸನ್ನು ನೋಯಿಸಿದೆನಲ್ಲಾ ಎಂದು ಹರ್ನನು ಹೇಳಿಕೊಳ್ಳುವ ಮಾತು. ಹುಳುವಿನ ಹಸಿವೂ, ಹುಡುಗಿಯ ಸಪ್ಪೆ ಮುಖವೂ, ಯಜಮಾನನ ಸಿಡುಕೂ, ಆಮೇಲಿನ ನಾಚಿಕೆಯೂ ಒಂದೇ ಚಾವಣಿಯ ಕೆಳಗೆ ಇವೆ. ಇಲ್ಲಿ ಹರ್ನನು ಜಪಾನನ್ನು ನೋಡುತ್ತಿರುವ ಪರಕೀಯನಲ್ಲ, ಮನೆಯೊಂದರ ಯಜಮಾನ. ಜಪಾನೀಯರು ಇಂಥವರು, ಅಂಥವರು ಎಂಬ ಮಾತಿಗೆ ಇಲ್ಲಿ ಎಡೆಯೇ ಇಲ್ಲ. ಮಾತ್ಸುಯೆಯ ಬೆಳಗನ್ನು ಬರೆದವನು ಕಿಟಕಿಯ ಬಳಿ ನಿಂತ ಅತಿಥಿ. ಇದನ್ನು ಬರೆದವನು ಬಾಗಿಲೊಳಕ್ಕೆ ಬಂದಿದ್ದಾನೆ.

ಅವನನ್ನು ಒಳಕ್ಕೆ ಕರೆದುಕೊಂಡವಳು ಸೆತ್ಸು. ಈ ಮಾತನ್ನು ಹರ್ನನ ಭಕ್ತರು ಇನ್ನೂ ಗಟ್ಟಿಯಾಗಿ ಹೇಳಬೇಕೆಂದು ನಮ್ಮ ಅಭಿಪ್ರಾಯ. ಆಕೆಗೆ ಇಂಗ್ಲಿಷ್ ಬಾರದು. ಆತನ ಜಪಾನೀ ಮುರುಕು ಭಾಷೆ. ಪ್ರತ್ಯಯಗಳನ್ನು ಕೈಬಿಟ್ಟು ಪದಗಳನ್ನು ತಮಗೆ ತೋರಿದಂತೆ ಜೋಡಿಸಿ, ಹೊರಗಿನವರಿಗೆ ಅರ್ಥವಾಗದ ಒಂದು ಭಾಷೆಯನ್ನು ಗಂಡಹೆಂಡಿರು ತಮ್ಮ ಮನೆಯ ಮಟ್ಟಿಗೆ ಕಟ್ಟಿಕೊಂಡರು. ‘ಕ್ವೈದಾನ್’ ಸಂಪುಟದ ಭೂತಕಥೆಗಳು ಹರ್ನನಿಗೆ ಬಹುಮಟ್ಟಿಗೆ ಆ ಭಾಷೆಯಲ್ಲಿಯೇ ತಲುಪಿದವು. ಆಕೆ ಹಳೆಯ ಪುಸ್ತಕದಂಗಡಿಗಳಲ್ಲಿ ಕಥೆಗಳನ್ನು ಹುಡುಕಿ ತಂದು ಓದಿಕೊಂಡು, ರಾತ್ರಿ ದೀಪವನ್ನು ತಗ್ಗಿಸಿ ಹೇಳುವಳು. ಪುಸ್ತಕವನ್ನು ಹಿಡಿದು ಹೇಳಿದರೆ ಆತನು ಒಪ್ಪುತ್ತಿರಲಿಲ್ಲ. ಕಥೆಯು ಆಕೆಯದೇ ಮಾತಾಗಿ, ಆಕೆಯದೇ ಭಾವವಾಗಿ ಬರಬೇಕು. ಕಿವುಡಲ್ಲದಿದ್ದರೂ ಕಿವಿಯಿಲ್ಲದವನಾದ ಕುರುಡು ಗಾಯಕ ಹೋಯಿಚಿಯ ಕಥೆಯನ್ನು ಬರೆಯುತ್ತಿದ್ದಾಗ ಕತ್ತಲಾದರೂ ಆತನು ದೀಪ ಹಚ್ಚಲಿಲ್ಲವಂತೆ. ಪಕ್ಕದ ಕೊಠಡಿಯಿಂದ ಆಕೆ ಮೆಲ್ಲಗೆ, ಹೋಯಿಚಿ, ಹೋಯಿಚಿ ಎಂದು ಕರೆದರೆ, ಹೌದು, ನಾನು ಕುರುಡ, ತಾವು ಯಾರು ಎಂದು ಒಳಗಿನಿಂದ ಉತ್ತರ ಬಂದಿತಂತೆ. ಇದೆಲ್ಲವನ್ನೂ ಸೆತ್ಸು ತನ್ನ ಸ್ಮೃತಿಗಳಲ್ಲಿ ಬರೆದಿದ್ದಾಳೆ. ಅವು ಜಪಾನೀ ಭಾಷೆಯಲ್ಲಿ ೧೯೧೪ರಲ್ಲಿಯೂ ಇಂಗ್ಲಿಷಿನಲ್ಲಿ ೧೯೧೮ರಲ್ಲಿಯೂ ಪ್ರಕಟವಾದವು. ‘ಕ್ವೈದಾನ್’ ಗ್ರಂಥದ ಮುನ್ನುಡಿಯಲ್ಲಿ ಹಳೆಯ ಜಪಾನೀ ಪುಸ್ತಕಗಳ ಹೆಸರಿದೆ, ಒಂದು ಕಥೆಯನ್ನು ಹೇಳಿದ ರೈತನ ಪ್ರಸ್ತಾಪವಿದೆ. ಹೆಂಡತಿಯ ಹೆಸರಿಲ್ಲ. ಆ ಕಾಲದ ಗಂಡಸು ಲೇಖಕರ ಪದ್ಧತಿಯೇ ಹಾಗೆ ಎನ್ನಬಹುದು. ಆದರೂ ಮುನ್ನುಡಿಯನ್ನು ಓದುವಾಗ ಆ ಖಾಲಿ ಜಾಗವು ಕಣ್ಣಿಗೆ ಬಿದ್ದೇ ಬೀಳುತ್ತದೆ.

ಈಗ ಜಪಾನಿನಲ್ಲಿ ಕೆಲಸಕ್ಕಾಗಿ ಹೋಗಿ ನೆಲೆಸಿರುವವರಲ್ಲಿ ಕನ್ನಡಿಗರೂ ಇದ್ದಾರೆ. ಅವರಲ್ಲಿ ಯಾರಾದರೂ ತಮ್ಮ ದಿನಗಳನ್ನು ಬರೆಯಲು ಕುಳಿತರೆ, ಹರ್ನನ ವ್ಯಾಖ್ಯಾನಗ್ರಂಥವನ್ನು ಮುಂದಿಟ್ಟುಕೊಳ್ಳದಿರಲಿ. ಬಾಗಿಲಲ್ಲಿ ಪಾದರಕ್ಷೆ ಬಿಡುವುದರಲ್ಲಿ ಅವರಿಗೆ ಬೆರಗು ಹುಟ್ಟದು. ಬೇರೆ ಯಾವುದೋ ಹುಟ್ಟೀತು, ಅದನ್ನು ಇಂಗ್ಲಿಷ್ ಪುಸ್ತಕಗಳು ಹೇಳಿಕೊಡಲಾರವು. ಹರ್ನನ ಬರಹಗಳಿಂದ ಆರಿಸಿ ಕನ್ನಡದಲ್ಲಿ ಒಂದು ಸಣ್ಣ ಪುಸ್ತಕವನ್ನು ಕೊಡುವವರಿದ್ದರೆ ಅದರಲ್ಲಿ ಮಾತ್ಸುಯೆಯ ದಿನ, ಉಪಾಧ್ಯಾಯನ ದಿನಚರಿ, ಕುಸಾ-ಹಿಬಾರಿ ಇವು ಮೂರು ಸಾಕು. ರೈಲ್ವೆ ನಿಲ್ದಾಣದ ಪ್ರಬಂಧವನ್ನೂ ಸೇರಿಸಬಹುದು. ಅವುಗಳ ಜೊತೆಗೆ, ಅದೇ ರಟ್ಟಿನೊಳಗೆ, ಸೆತ್ಸುವಿನ ಸ್ಮೃತಿಗಳನ್ನೂ ಆಕೆಯ ಹೆಸರಿನಲ್ಲಿಯೇ ಅಚ್ಚುಹಾಕಿಸಬೇಕು.